ಎಡಗಾಲಿನ ಬೂಟು

ಅಗ್ರಫೇನಳ ಸಮೋವರಿಗೆ ಒಂದು ಕಿವಿ ಇರಲಿಲ್ಲ.
ಹೊಟ್ಟೆಯ ಮೇಲೆ ತೂಲಾ ಊರಿನ ಮುದ್ರೆ, ಮೂರು ಪದಕ.
ಯಾವ ಯುದ್ಧ ಗೆದ್ದದ್ದಕ್ಕೆ ಎಂದು ನಾವು ಮಕ್ಕಳು ಕೇಳುತ್ತಿದ್ದೆವು.
ಪೈನ್ ಕಾಯಿ ಆಯ್ದು ತರುವುದು ನನ್ನ ಕೆಲಸ,
ಬುಟ್ಟಿಗೊಂದು ಲೋಟ, ಅದು ಕರಾರು.

ಚಹಾ ಎಂದರೆ ಚಹಾ ಅಲ್ಲ ಆ ವರ್ಷ:
ಒಲೆಯಲ್ಲಿ ಕಪ್ಪಗೆ ಹುರಿದ ಗಜ್ಜರಿ,
ಕಾಡಂಚಿನ ನೇರಳೆ ಹೂಗಿಡದ ಒಣಗಿದ ಎಲೆ.
ಸಕ್ಕರೆಯ ಗಡ್ಡೆ ಒಂದೇ ಒಂದು,
ದೀಪದ ಕೊಕ್ಕೆಯಿಂದ ದಾರದಲ್ಲಿ ನೇತಾಡುತ್ತಿತ್ತು.
"ಕಚ್ಚಿ ಕುಡಿಯುವ ಕಾಲ ಹೋಯಿತು, ನೋಡಿ ಕುಡಿಯಿರಿ" ಅನ್ನುವಳು.
ಕತ್ತೆತ್ತಿ ನೋಡುತ್ತ ಬಸಿಯಿಂದ ಸೊರ್ರೆಂದು ಹೀರುವೆವು.
ಉಫ್ ಎಂದು ಊದಿ ಅದನ್ನು ತನ್ನ ಕಡೆ ತಿರುಗಿಸಿಕೊಂಡ ನನ್ನ ತಮ್ಮ
ಹೆಚ್ಚು ಸಿಹಿ ಕದ್ದನೆಂದು ಬೈಸಿಕೊಂಡ.

ಕೆಂಡ ಮಂಕಾದರೆ ಬೂಟು.
ನಿಕಾನೋರನ ಹಳೆಯ ಎಡಗಾಲಿನ ಬೂಟು.
ಅದರ ಬಾಯನ್ನು ಕೊಳವೆಗೆ ತೊಡಿಸಿ
ಮೇಲಕ್ಕೆ ಕೆಳಕ್ಕೆ, ಮೇಲಕ್ಕೆ ಕೆಳಕ್ಕೆ,
ಕಮ್ಮಾರನ ತಿದಿಯ ಹಾಗೆ.
ಚರ್ಮ ಉಸಿರೆಳೆಯುವುದು, ಬಿಡುವುದು,
ಕೆಳಗಿನ ಕಿಂಡಿಯಲ್ಲಿ ಕಿಡಿ ಕಣ್ಣು ಬಿಡುವುದು.
ಬಲಗಾಲಿನದು ಎಂದೋ ಯಾರದೋ ಅಟ್ಟೆಯಾಗಿ ಹೋಗಿತ್ತು.
ನಿಕಾನೋರ್ ಹೋದದ್ದು ಸರ್ಕಾರ ಕೊಟ್ಟ ಹೊಸ ಜೊತೆಯಲ್ಲಿ.
ಬಂದದ್ದು ಒಂದು ಕಾಗದ.
ಆ ಕಾಗದದ ಬಗ್ಗೆ ಅವಳು ಆಡಿದ್ದು ನಾನು ಕೇಳಿಲ್ಲ.
ಬೂಟಿನೊಂದಿಗೆ ಆಡಿದ್ದು ಕೇಳಿದ್ದೇನೆ:
"ಊದು, ಸೋಮಾರಿ, ಊದು."

ಯುದ್ಧ ಮುಗಿದ ಎರಡನೆಯ ಚಳಿಗಾಲ, ವೆತ್ಲುಗಾ ಹೆಪ್ಪುಗಟ್ಟಿದ ಮೇಲೆ
ನದಿಯ ಆಚೆಯಿಂದ ಜಾರುಗಾಡಿ ಎಳೆಯುತ್ತ ಬಂದ
ಕಲಾಯಿಯ ಲುಕ್ಯಾನ್.
ತವರದ ಕಡ್ಡಿ, ನವಸಾಗರ, ಒಂದು ಹಿಡಿ ಹತ್ತಿ.
ಬಲಗಾಲಿನ ಜಾಗದಲ್ಲಿ ಬರ್ಚ್ ಮರದ ಕೊರಡು,
ಎಡಗಾಲಿಗೆ ಸುತ್ತಿದ ಗೋಣಿ ಚಿಂದಿ.
ಸಮೋವರಿನ ಒಳಹೊಟ್ಟೆ ಇಣುಕಿ ಲೊಚಗುಟ್ಟಿದ:
"ಕಿಲುಬು, ತಾಯೀ. ಇಷ್ಟು ದಿನ ವಿಷ ಕುಡಿದಿರಿ."
"ಕುಡಿದದ್ದರಲ್ಲಿ ಅದೇ ಕಡಿಮೆ," ಅಂದಳು.

ಮಧ್ಯಾಹ್ನವೆಲ್ಲ ತಿಕ್ಕಿದ. ನವಸಾಗರದ ಹೊಗೆಗೆ ಬೆಕ್ಕು ಸೀನಿತು.
ಇಣುಕಿದರೆ ಒಳಗೆ ನನ್ನ ಮುಖ ಕುಂಬಳದಷ್ಟಾಗಿ ನಕ್ಕಿತು.
ಕೂಲಿಗೆ ಕೊಡಲು ಏನಿತ್ತು ಅವಳಲ್ಲಿ?
ಆಲೂಗಡ್ಡೆ ಮುಗಿದಿತ್ತು.
ಸಕ್ಕರೆಯತ್ತ ನೋಡಿದಳು.
ಅವನು ನೋಡುತ್ತಿದ್ದದ್ದು ಬೂಟನ್ನು.

ಬಹಳ ಹೊತ್ತು ಯಾರೂ ಏನೂ ಅನ್ನಲಿಲ್ಲ.
ಹೊಸ ಕಲಾಯಿಯ ಮೊದಲ ನೀರು ಗುಂಯ್ ಅನ್ನತೊಡಗಿತು.
"ಇದು ಹೋದರೆ ಕೆಂಡ ಊದುವವರು ಯಾರು?"
"ಬೆಳಿಗ್ಗೆ ಹಾಕಿಕೊಂಡು ಹೋಗುತ್ತೇನೆ. ಸಂಜೆ ತರುತ್ತೇನೆ."
ಮಸಿ ಕೊಡವಿ ಪಾದ ತೂರಿಸಿದ.
ಒಂದು ಬೆರಳಷ್ಟು ದೊಡ್ಡದು.
ಅವಳು ಒಣಹುಲ್ಲು ತುರುಕಿದಳು, ಮುಖ ಎತ್ತದೆ.

ಆ ಚಳಿಗಾಲವೆಲ್ಲ
ಸುತ್ತಲ ಏಳು ಹಳ್ಳಿಯ ತಾಮ್ರಕ್ಕೆ ಕಲಾಯಿ ಹಾಕಿ
ಕತ್ತಲಿಳಿವ ಹೊತ್ತಿಗೆ ಟಕ್, ಧಪ್, ಟಕ್, ಧಪ್,
ಹೊಸ್ತಿಲಲ್ಲಿ ಕೂತು ಬೂಟು ಕಳಚುವನು.
ಕಾಲಿನ ಕಾವು ಆರದ ಅದನ್ನು ಅವಳು ಕೊಳವೆಗೆ ತೊಡಿಸುವಳು.
ಬರಿಗಾಲನ್ನು ಮೇಜಿನಡಿ ಅಡಗಿಸಿ ಅವನು ಕೂರುವನು,
ಮಗ್ಗಿ ಮರೆತ ಹುಡುಗನಂತೆ.
ನೀರು ಕುದಿಯುವ ಮುನ್ನ ಹೊರಡುವಂತಿಲ್ಲ,
ಬೂಟು ಬೇಕಲ್ಲ. ಕುದಿದ ಮೇಲೆ
ಕುಡಿಯದೆ ಎದ್ದರೆ ಸಮೋವರಿಗೆ ಅವಮಾನ.

ಸಾಕೆನ್ನುವವರು ಲೋಟವನ್ನು ಬಸಿಯ ಮೇಲೆ ಬೋರಲು ಹಾಕಬೇಕು,
ನಮ್ಮ ಕಡೆಯ ಪದ್ಧತಿ.
ಏಳು, ಎಂಟು, ಒಂಬತ್ತು ಎಣಿಸುತ್ತ ನಾನು ನಿದ್ದೆ ಹೋಗುತ್ತಿದ್ದೆ.
ಅವನ ಲೋಟ ಬೋರಲಾದ ಸದ್ದು
ಕೇಳಿದ ನೆನಪಿಲ್ಲ.

ಮಂಜುಗಡ್ಡೆ ಒಡೆದು ನದಿ ಹರಿದ ದಿನ
ಅವನ ಜಾರುಗಾಡಿ ನಮ್ಮ ದಂಡೆಯಲ್ಲೇ ಉಳಿಯಿತು.
ಅಗ್ರಫೇನ ಕುರ್ಚಿ ಹತ್ತಿ ದಾರ ಕತ್ತರಿಸಿ
ಚಾಕುವಿನ ಹಿಂಬದಿಯಿಂದ ಸಕ್ಕರೆಯನ್ನು ನಾಲ್ಕಾಗಿ ಒಡೆದಳು.
ಬೂದಿಯ ಬಣ್ಣ. ಮೊದಲು ಬಂದದ್ದು ಹೊಗೆಯ ರುಚಿ.
ತಮ್ಮ ಮಾತ್ರ ತನ್ನ ಪಾಲು ಬಾಯಲ್ಲಿಟ್ಟುಕೊಂಡೇ ಅತ್ತ,
ಖಾಲಿ ಕೊಕ್ಕೆ ತೋರಿಸಿ:
ನಾಳೆ ಏನು ನೋಡುತ್ತ ಕುಡಿಯುವುದು?